ತುಟ್ಟಿಪರಿಹಾರವು ದಾನವೋ, ಋಣವೋ?

ಕೊಡುವ ಕ್ರಿಯೆಯು ಮೇಲುನೋಟಕ್ಕೆ ಒಂದೇ ಬಗೆಯದಾಗಿ ಕಂಡರೂ ಅದರಲ್ಲಿ ಎರಡು ಭೇದಗಳುಂಟು. ಒಂದು ದಾನ, ಇನ್ನೊಂದು ಋಣಪರಿಹಾರ. ದಾನದಲ್ಲಿ ಕೊಡುವವನ ಇಚ್ಛೆಯೇ ಪ್ರಧಾನ. ಕೊಟ್ಟರೆ ಪುಣ್ಯ, ಕೊಡದಿದ್ದರೆ ಪುಣ್ಯದ ಅಭಾವ ಮಾತ್ರ. ಋಣದಲ್ಲಾದರೋ ಕೊಡುವವನ ಇಚ್ಛೆಗೆ ಎಡೆಯಿಲ್ಲ. ಕೊಟ್ಟರೆ ಬಿಡುಗಡೆ, ಕೊಡದಿದ್ದರೆ ದೋಷ. ಈ ಎರಡನ್ನೂ ಒಂದರಲ್ಲೊಂದು ಬೆರಸಿ ನೋಡುವದರಿಂದ ಲೋಕದಲ್ಲಿ ಅನೇಕ ಅನ್ಯಾಯಗಳು ಉಪಕಾರದ ವೇಷ ಧರಿಸಿ ನಡೆದುಹೋಗುತ್ತವೆ. ದುಡಿದು ದಣಿದು ವಿಶ್ರಾಂತಿಗೆ ಬಂದ ವೃದ್ಧರಿಗೆ, ಪದಾರ್ಥಗಳ ಧಾರಣೆ ಏರಿದಂತೆ ಅವರ ನಿವೃತ್ತಿವೇತನವನ್ನೂ ಏರಿಸಿ ಕೊಡುವದು ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದು? ಇದೇ ಪ್ರಸ್ತುತ ಲೇಖನದ ವಿಚಾರವು.

ಇದು ಕೇವಲ ಲೆಕ್ಕಪತ್ರದವರ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ವರ್ಷದಲ್ಲಿ ಎರಡು ಸಲ ವೃತ್ತಪತ್ರಿಕೆಗಳಲ್ಲಿ ತುಟ್ಟಿಪರಿಹಾರ ಏರಿದ ಸುದ್ದಿ ಪ್ರಕಟವಾಗುತ್ತದೆ. ಅದನ್ನು ಓದಿದ ನೆರೆಹೊರೆಯವರು, “ಕುಳಿತು ಉಣ್ಣುವವರಿಗೆ ಸರಕಾರ ಮತ್ತೆ ಕೊಟ್ಟಿತು” ಎಂದು ಆಡಿಕೊಳ್ಳುತ್ತಾರೆ. ಆ ಮಾತು ಕಿವಿಗೆ ಬಿದ್ದ ವೃದ್ಧನು, ತಾನು ಪರರ ಅನ್ನವನ್ನು ಉಣ್ಣುತ್ತಿರುವೆನೋ ಎಂದು ಒಳಗೊಳಗೇ ಕುಗ್ಗುತ್ತಾನೆ. ಮೂವತ್ತು ಮೂವತ್ತೈದು ವರ್ಷ ದುಡಿದ ಮನುಷ್ಯನು ತಲೆ ಬಾಗಿಸಿ ಬದುಕಬೇಕೋ, ತಲೆಯೆತ್ತಿ ಬದುಕಬೇಕೋ ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಕೇಂದ್ರ ಸರಕಾರದ ನಿವೃತ್ತ ನೌಕರರಿಗೆ ಜನವರಿ 1 ಮತ್ತು ಜುಲೈ 1 ಈ ಎರಡು ತಾರೀಖುಗಳಿಂದ ಅನ್ವಯಿಸುವಂತೆ ತುಟ್ಟಿಪರಿಹಾರವನ್ನು ಪರಿಷ್ಕರಿಸುವ ಪದ್ಧತಿಯಿದೆ. ಇದಕ್ಕೆ ಆಧಾರವಾಗಿರುವದು ಕೈಗಾರಿಕಾ ಕಾರ್ಮಿಕರ ಅಖಿಲ ಭಾರತ ಗ್ರಾಹಕ ಬೆಲೆ ಸೂಚ್ಯಂಕ. ಲೇಬರ್ ಬ್ಯೂರೋ ಎಂಬ ಸರಕಾರಿ ಕಚೇರಿಯು 2016ನೆಯ ವರ್ಷವನ್ನು ಮೂಲವಾಗಿಟ್ಟುಕೊಂಡು ರಚಿಸಿದ ಸರಣಿಯಲ್ಲಿ ದೇಶದ 88 ಕೇಂದ್ರಗಳ 317 ಪೇಟೆಗಳಿಂದ ಅಕ್ಕಿ, ಬೇಳೆ, ಎಣ್ಣೆ, ಬಟ್ಟೆ, ಬಾಡಿಗೆ, ಔಷಧ ಮೊದಲಾದವುಗಳ ಧಾರಣೆಯನ್ನು ಸಂಗ್ರಹಿಸುವ ಏರ್ಪಾಡು ಮಾಡಲಾಗಿದೆ. ಹನ್ನೆರಡು ತಿಂಗಳ ಸರಾಸರಿಯನ್ನು ತೆಗೆದು, ವೇತನ ನಿಗದಿಯಾದ ಕಾಲದ ಅಂಕೆಯೊಡನೆ ಹೋಲಿಸಿ, ಶೇಕಡಾ ಎಷ್ಟು ಏರಿತೆಂದು ಕಂಡು, ಅಷ್ಟನ್ನು ಮೂಲವೇತನದ ಮೇಲೆ ಕೂಡಿಸುತ್ತಾರೆ. ಏಳನೆಯ ವೇತನ ಆಯೋಗದ ಶಿಫಾರಸುಗಳು 2016ರ ಜನವರಿಯಿಂದ ಅನ್ವಯವಾದಾಗ ಈ ಪರಿಹಾರವು ಸೊನ್ನೆಯಿತ್ತು. 2024ರ ಜನವರಿಗೆ ಅದು ಶೇಕಡಾ 50 ಆಯಿತು.

ಇದರ ಅರ್ಥವೇನು? ನಿವೃತ್ತನ ಸಂಪತ್ತು ಎಂಟು ವರ್ಷಗಳಲ್ಲಿ ಒಂದೂವರೆ ಪಾಲು ಆಯಿತೆಂದಲ್ಲ. ಸೂಚ್ಯಂಕದ ಲೆಕ್ಕದಂತೆ, ಮೊದಲು ನೂರು ರೂಪಾಯಿಗೆ ಮನೆಗೆ ಬರುತ್ತಿದ್ದ ಸಾಮಾನಿಗೆ ಈಗ ನೂರೈವತ್ತು ತೆರಬೇಕಾಯಿತೆಂದು ಮಾತ್ರ. ಅವನ ಚೀಲಕ್ಕೆ ಬಿದ್ದದ್ದು ಹಿಂದಿನಷ್ಟೇ ಜೋಳ, ಹಿಂದಿನಷ್ಟೇ ಬೇಳೆ. ಏರಿದ್ದು ಅಂಕೆ, ಅನ್ನವಲ್ಲ.

ಈ ತತ್ತ್ವವನ್ನು ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ಒಬ್ಬ ಒಕ್ಕಲಿಗನು ಇನ್ನೊಬ್ಬನಿಂದ ಸುಗ್ಗಿಯಲ್ಲಿ ಹತ್ತು ಕೊಳಗ ಜೋಳವನ್ನು ಕಡ ತಂದನೆಂದು ಇಟ್ಟುಕೊಳ್ಳೋಣ. ತೀರಿಸುವ ದಿನ ಬಂದಾಗ ಅವನು ಕೊಳಗದ ತಳಕ್ಕೆ ಒಂದು ಹಲಿಗೆಯನ್ನು ಬಡಿದು, ಅದರಿಂದಲೇ ಹತ್ತು ಸಲ ಅಳೆದು ಹಾಕಿ, “ಹತ್ತೆಂದಿದ್ದೆ, ಹತ್ತು ಕೊಟ್ಟೆ” ಎಂದರೆ ಅದು ಸತ್ಯವೇ? ಎಣಿಕೆ ಸರಿಯಾಗಿದೆ, ಅಳತೆ ಸುಳ್ಳಾಗಿದೆ. ರೂಪಾಯಿಯೂ ಒಂದು ಕೊಳಗವೇ. ಅದರಿಂದ ನಾವು ಪರಸ್ಪರ ಶ್ರಮವನ್ನು ಅಳೆದುಕೊಳ್ಳುತ್ತೇವೆ. ಧಾರಣೆ ಏರಿದಾಗಲೆಲ್ಲ ಈ ಕೊಳಗವು ಕಾಣದಂತೆ ಕಿರಿದಾಗುತ್ತದೆ. ವರ್ಷಕ್ಕೆ ಶೇಕಡಾ 6ರಂತೆ ಧಾರಣೆ ಏರುತ್ತ ಹೋದರೆ ಹನ್ನೆರಡು ವರ್ಷಗಳಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಅರುವತ್ತಕ್ಕೆ ನಿವೃತ್ತನಾದವನು ಎಪ್ಪತ್ತೆರಡಕ್ಕೆ ಬರುವಷ್ಟರಲ್ಲಿ, ಯಾರೂ ಅವನಿಂದ ಒಂದು ಕಾಸನ್ನೂ ಕಸಿದುಕೊಳ್ಳದಿದ್ದರೂ, ಅವನ ಅರ್ಧ ಊಟ ಹೋಗಿರುತ್ತದೆ. ಆದುದರಿಂದ ತುಟ್ಟಿಪರಿಹಾರವೆಂಬುದು ಹೊಸದೊಂದನ್ನು ಕೊಡುವದಲ್ಲ. ಕಿರಿದಾದ ಕೊಳಗವನ್ನು ಸರಿಪಡಿಸಿ, ಆಡಿದ ಮಾತನ್ನು ಉಳಿಸಿಕೊಳ್ಳುವದು.

ನಮ್ಮ ಹಿರಿಯರ ಗ್ರಾಮವ್ಯವಸ್ಥೆಯಲ್ಲಿ ಈ ತೊಡಕು ಇಷ್ಟರ ಮಟ್ಟಿಗೆ ಇರಲಿಲ್ಲ. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಮೊದಲಾದ ಆಯಗಾರರಿಗೆ ಒಕ್ಕಲಿಗನು ಸುಗ್ಗಿಯಲ್ಲಿ ಕಣದಿಂದಲೇ ಕಾಳಿನ ರೂಪದಲ್ಲಿ ಆಯವನ್ನು ಅಳೆದು ಕೊಡುತ್ತಿದ್ದನು. ಆ ವ್ಯವಸ್ಥೆಯಲ್ಲಿ ಬೇರೆ ದೋಷಗಳು ಇಲ್ಲದಿರಲಿಲ್ಲ. ಮೇಲುಕೀಳಿನ ಭಾವವೂ, ಹುಟ್ಟಿನಿಂದ ಕಸುಬನ್ನು ಕಟ್ಟಿಹಾಕುವ ಬಂಧನವೂ ಅದರಲ್ಲಿದ್ದವು. ಆದರೆ ಕಾಳಿನಲ್ಲಿ ಕೊಟ್ಟ ಕೂಲಿಗೆ ಪೇಟೆಯ ಧಾರಣೆಯ ಭಯವಿರಲಿಲ್ಲ. ಜೋಳ ತುಟ್ಟಿಯಾದರೂ ಕೊಳಗದ ಜೋಳ ಕೊಳಗದ ಜೋಳವೇ. ನಾಣ್ಯದ ಕೂಲಿ ಬಂದ ಮೇಲೆ, ಕಾಳು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಕಟ್ಟಳೆಯಿಂದ ಮಾಡಬೇಕಾಗಿದೆ.

ನಮ್ಮ ಭಕ್ತಾದಿಗಳಿಗೆ ಇನ್ನೂ ಹತ್ತಿರದ ಅನುಭವವೊಂದುಂಟು. ಅಜ್ಜನ ಹೆಸರಿನಲ್ಲಿ ವರ್ಷಕ್ಕೊಂದು ದಿನ ದಾಸೋಹ ನಡೆಯಲೆಂದು ಮನೆತನದವರು ಶಾಶ್ವತ ನಿಧಿಯನ್ನು ಇಡುವದು ರೂಢಿ. ಅಂದು ಅದರ ಬಡ್ಡಿಯಿಂದ ನೂರು ಮಂದಿಗೆ ಎಡೆಯಾಗುತ್ತಿದ್ದರೆ, ಒಂದು ತಲೆಮಾರಿನ ಮೇಲೆ ಅದೇ ಬಡ್ಡಿಗೆ ಹತ್ತು ಎಲೆ ಹಾಕುವದೂ ಕಷ್ಟವಾಗುತ್ತದೆ. ನಿಧಿ ಅಲ್ಲಾಡಿಲ್ಲ, ಬಡ್ಡಿ ತಪ್ಪಿಲ್ಲ. ಆದರೂ “ಶಾಶ್ವತ” ಎಂಬ ಮಾತು ಬರಿ ಮಾತಾಗಿ ಉಳಿಯಿತು. ಆಗ ಬಲ್ಲ ಮೊಮ್ಮಗನು ಇನ್ನಷ್ಟು ಹಣವನ್ನು ಕೂಡಿಸಿ ಅಜ್ಜನ ಸಂಕಲ್ಪವನ್ನು ಉಳಿಸುತ್ತಾನೆ. ಅವನು ಹೊಸ ಸೇವೆ ಮಾಡಿದನೆಂದು ಯಾರೂ ಹೇಳರು. ಹಳೆಯ ಮಾತನ್ನು ಕಾದನೆಂದು ಹೇಳುವರು.

ನ್ಯಾಯಸ್ಥಾನವೂ ಇದೇ ದಿಕ್ಕಿನಲ್ಲಿ ವಿಚಾರಿಸಿದೆ. ನಿವೃತ್ತಿವೇತನವು ಸರಕಾರದ ಮರ್ಜಿಯನ್ನವಲಂಬಿಸಿದ ಕೊಡುಗೆಯಲ್ಲ, ನೌಕರನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಮುಂದೆ, 1979ರ ಮಾರ್ಚ್ 31ನೆಯ ತಾರೀಖನ್ನು ಗೆರೆಯಾಗಿ ಎಳೆದು, ಅದಕ್ಕೆ ಮುಂಚೆ ನಿವೃತ್ತರಾದವರಿಗೆ ಹೊಸ ಸುಧಾರಿತ ಲೆಕ್ಕ ಅನ್ವಯಿಸದೆಂದು ಸರಕಾರವು ಹೇಳಿದಾಗ, ಡಿ. ಎಸ್. ನಕಾರಾ ಎಂಬ ನಿವೃತ್ತ ಅಧಿಕಾರಿಯೂ ಇತರರೂ ನ್ಯಾಯ ಕೇಳಿದರು. 1982ರ ಡಿಸೆಂಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠವು, ಒಂದೇ ಬಗೆಯ ಸೇವೆ ಮಾಡಿದ ವೃದ್ಧರನ್ನು ಕೇವಲ ತಾರೀಖಿನ ಬಲದಿಂದ ಎರಡು ಪಂಕ್ತಿಯಾಗಿ ಕೂಡಿಸುವದು ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತಿತು. ಯೌವನದಲ್ಲಿ ದುಡಿದವನಿಗೆ ಮುಪ್ಪಿನಲ್ಲಿ ಆಸರೆ ದೊರೆಯುವದು ಸಾಮಾಜಿಕ ನ್ಯಾಯವೆಂಬುದು ಅದರ ಸಾರ. ಆ ದಿನವನ್ನು ದೇಶದ ನಿವೃತ್ತರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ.

ಅನ್ಯದೇಶದ ಒಂದು ಉದಾಹರಣೆಯೂ ಇಲ್ಲಿ ಬೋಧಪ್ರದವಾಗಿದೆ. ಅಮೇರಿಕಾದಲ್ಲಿ ಸಾಮಾಜಿಕ ಭದ್ರತೆಯ ಕಾಯಿದೆಯ ಮೇರೆಗೆ ಮೊದಲ ಮಾಸಿಕ ವೇತನವನ್ನು 1940ರ ಜನವರಿ 31ರಂದು ಪಡೆದವಳು ವರ್ಮಾಂಟ್ ಪ್ರಾಂತದ ಐಡಾ ಮೇ ಫುಲರ್ ಎಂಬ ಮಹಿಳೆ. ಆ ಮೊತ್ತ 22 ಡಾಲರು 54 ಸೆಂಟು. ಮಹಾಯುದ್ಧ ಬಂದಿತು, ಧಾರಣೆಗಳು ಗಗನಕ್ಕೇರಿದವು. ಹತ್ತು ವರ್ಷಗಳವರೆಗೆ ಆಕೆಯ ವೇತನ ಮಾತ್ರ ಅದೇ 22 ಡಾಲರು 54 ಸೆಂಟು. 1950ರಲ್ಲಿ ಶಾಸನವನ್ನು ತಿದ್ದಿದ ಮೇಲೆ ಅದು 41 ಡಾಲರು 30 ಸೆಂಟು ಆಯಿತು. ಅನಂತರವೂ ಪ್ರತಿಯೊಂದು ಏರಿಕೆಗೆ ಶಾಸನಸಭೆಯ ದಯೆಯನ್ನು ಕಾಯಬೇಕಾಗುತ್ತಿತ್ತು. ಧಾರಣೆಯೊಡನೆ ವೇತನವು ತಾನಾಗಿ ಏರಬೇಕೆಂಬ ಕಾಯಿದೆ 1972ರಲ್ಲಿ ಆಗಿ, ಮೊದಲ ಏರಿಕೆ ಶೇಕಡಾ 8ರಂತೆ 1975ರ ನಡುವಿನಲ್ಲಿ ಬಂದಿತು. ನೂರು ವರ್ಷ ಬಾಳಿದ ಆ ವೃದ್ಧೆ ಅದೇ ವರ್ಷದ ಜನವರಿಯಲ್ಲಿ ಲೋಕವನ್ನು ಬಿಟ್ಟಿದ್ದಳು. ದಯೆಗೂ ಕಟ್ಟಳೆಗೂ ಇರುವ ಅಂತರ ಇದರಲ್ಲಿ ಸ್ಪಷ್ಟವಾಗಿದೆ. ದಯೆಗೆ ಬಿಡುವಾದಾಗ ಬರುವ ಅಭ್ಯಾಸ. ವೃದ್ಧಾಪ್ಯಕ್ಕೆ ಕಾಯುವ ಬಿಡುವಿಲ್ಲ.

ಇನ್ನು ಪೂರ್ವಪಕ್ಷಗಳನ್ನು ಪರಿಶೀಲಿಸೋಣ.

ಮೊದಲನೆಯ ಪೂರ್ವಪಕ್ಷವು ನಮ್ಮ ಶರಣಧರ್ಮದಿಂದಲೇ ಎದ್ದುಬರುವಂಥದು. “ಸಂಸಾರದ ಭಾರ ಇಳಿಸಿದ ವೃದ್ಧನು ಇದ್ದುದರಲ್ಲಿ ತೃಪ್ತನಾಗಬೇಕು, ಹೆಚ್ಚು ಬೇಡುವದು ಆಸೆಯಲ್ಲವೇ? ಆಯ್ದಕ್ಕಿ ಲಕ್ಕಮ್ಮನು ಪತಿಯು ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಲಿಲ್ಲವೇ?” ಎಂದು ಕೇಳುವವರಿದ್ದಾರೆ. ಈ ಕಥೆಯನ್ನು ಬಲ್ಲವರು ಅದನ್ನು ಪೂರ್ತಿಯಾಗಿ ನೆನೆಯಬೇಕು. ಮಾರಯ್ಯನು ನಿತ್ಯ ಆಯ್ದು ತರುತ್ತಿದ್ದ ಅಕ್ಕಿಗೆ ಒಂದು ಪ್ರಮಾಣವಿತ್ತು. ಆ ಪ್ರಮಾಣದಲ್ಲಿ ಅವರ ದಾಸೋಹ ನಡೆಯುತ್ತಿತ್ತು. ಒಂದು ದಿನ ಅದಕ್ಕೆ ಮೀರಿ ತಂದಾಗ ಲಕ್ಕಮ್ಮನು ಒಪ್ಪಲಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ಮಹಾತಾಯಿಯ ಅಳತೆ ಅಕ್ಕಿಯದು, ನಾಣ್ಯದ್ದಲ್ಲ. ನಿತ್ಯದಷ್ಟೇ ಅಕ್ಕಿ ಬರಲಿ ಎಂಬುದು ಆಕೆಯ ನಿಯಮ. ದಿನದಿನಕ್ಕೆ ಒಂದೊಂದು ಹಿಡಿ ಕಡಮೆಯಾಗಲಿ ಎಂಬುದಲ್ಲ. ಮೊದಲಿನಷ್ಟೇ ಅಕ್ಕಿ ಬರಲೆಂದು ಕೇಳುವ ನಿವೃತ್ತನು ಲಕ್ಕಮ್ಮನ ನಿಯಮದೊಳಗೇ ಇದ್ದಾನೆ. ಮೊದಲಿಗಿಂತ ಹೆಚ್ಚು ಬೇಕೆಂದಾಗ ಮಾತ್ರ ಆಸೆಯ ಪ್ರಶ್ನೆ ಏಳುವದು. ಅಲ್ಲದೆ ತೃಪ್ತಿಯು ಸ್ವತಃ ಆಚರಿಸತಕ್ಕ ವ್ರತ; ಇನ್ನೊಬ್ಬನ ಮೇಲೆ ಹೊರಿಸತಕ್ಕ ತೆರಿಗೆಯಲ್ಲ. ತನ್ನ ಋಣವನ್ನು ತೀರಿಸದವನು ಸಾಲ ಕೊಟ್ಟವನಿಗೆ ವೈರಾಗ್ಯವನ್ನು ಬೋಧಿಸುವದು ಹಾಸ್ಯಾಸ್ಪದವು.

ಎರಡನೆಯ ಪೂರ್ವಪಕ್ಷ: “ಈ ಭಾರವನ್ನು ಹೊರುವವರು ಇಂದಿನ ತರುಣರು. ಅವರಿಗೇ ಉದ್ಯೋಗವಿಲ್ಲದಿರುವಾಗ ವೃದ್ಧರಿಗೆ ಏರಿಸುತ್ತ ಹೋಗುವದು ನ್ಯಾಯವೇ?” ಇದು ತಳ್ಳಿಹಾಕುವ ಮಾತಲ್ಲ. ಬೊಕ್ಕಸಕ್ಕೆ ಹಣ ಬರುವದು ದುಡಿಯುವವರ ಬೆವರಿನಿಂದಲೇ. 2020ರಲ್ಲಿ ಮಹಾಮಾರಿ ಬಂದಾಗ ಕೇಂದ್ರ ಸರಕಾರವು ಮೂರು ಕಂತುಗಳ ತುಟ್ಟಿಪರಿಹಾರವನ್ನು ತಡೆಹಿಡಿಯಿತು. 2021ರ ಜುಲೈಯಿಂದ ಅದು ಶೇಕಡಾ 17ರಿಂದ 28ಕ್ಕೆ ಏರಿತಾದರೂ ನಡುವಿನ ಹದಿನೆಂಟು ತಿಂಗಳ ಬಾಕಿ ಕೈಸೇರಲಿಲ್ಲ. ಆಪತ್ಕಾಲದಲ್ಲಿ ಎಲ್ಲರೂ ಪಾಲು ಹೊರಬೇಕೆಂಬುದು ಧರ್ಮಸಮ್ಮತವೇ. ಮನೆಯಲ್ಲಿ ಬರಗಾಲ ಬಂದರೆ ಅಜ್ಜನೂ ಅರೆಹೊಟ್ಟೆ ಉಣ್ಣುತ್ತಾನೆ. ಆದರೆ ಹಾಗೆ ಉಂಡದ್ದು ಅಜ್ಜನ ತ್ಯಾಗವೆಂದು ಮನೆಯವರು ನೆನೆಯಬೇಕು. ಅವನಿಗೆ ಸಲ್ಲಬೇಕಾದದ್ದೇ ಅಷ್ಟೆಂದು ಹೇಳಬಾರದು. ಹೊರೆಯನ್ನು ಹಂಚುವಾಗ ಬಲವಿದ್ದವನ ಹೆಗಲಿಗೆ ಹೆಚ್ಚು, ಬಲಹೀನನಿಗೆ ಕಡಮೆ ಎಂಬ ವಿವೇಕವಿರಬೇಕು. ಇನ್ನು ತರುಣನ ಮಾತು. ಇಂದು ಅವನು ಎತ್ತಿ ಹಿಡಿದ ಕಟ್ಟಳೆಯೇ ನಾಳೆ ಅವನ ಮುಪ್ಪಿನ ಊರುಗೋಲು. ತಂದೆಯ ಊರುಗೋಲನ್ನು ಮುರಿದು ಒಲೆಗೆ ಹಾಕಿದವನು ತನ್ನ ಕೈಗೂ ಊರುಗೋಲಿಲ್ಲದಂತೆ ಮಾಡಿಕೊಳ್ಳುತ್ತಾನೆ.

ಮೂರನೆಯ ಪೂರ್ವಪಕ್ಷವೇ ಎಲ್ಲಕ್ಕಿಂತ ಬಲವಾದದ್ದು. “ಈ ಪರಿಹಾರವು ಕೆಲವರಿಗೆ ಮಾತ್ರ ಉಂಟು, ಉಳಿದ ವೃದ್ಧರ ಗತಿಯೇನು?” ಈ ಪ್ರಶ್ನೆಯ ಮುಂದೆ ಸರಕಾರಿ ನಿವೃತ್ತನೂ ಮೌನವಾಗಬೇಕಾಗುತ್ತದೆ. ಗಿರಣಿ, ಕಾರಖಾನೆ, ಖಾಸಗಿ ಸಂಸ್ಥೆಗಳಲ್ಲಿ ದುಡಿದವರಿಗೆ 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಿದೆ. ಅದರಲ್ಲಿ ಕನಿಷ್ಠ ವೇತನವನ್ನು 2014ರ ಸೆಪ್ಟೆಂಬರಿನಿಂದ ತಿಂಗಳಿಗೆ ರೂ. 1000 ಎಂದು ಗೊತ್ತುಪಡಿಸಿದರು. ಧಾರಣೆಯೊಡನೆ ತಾನಾಗಿ ಏರುವ ಏರ್ಪಾಡನ್ನು ಅದಕ್ಕೆ ಜೋಡಿಸಲಿಲ್ಲ. ಹತ್ತು ವರ್ಷ ಕಳೆದು 2024 ಬಂದಾಗಲೂ ಅದು ರೂ. 1000 ಆಗಿಯೇ ಇತ್ತು. ವರ್ಷಕ್ಕೆ ಶೇಕಡಾ 5ರಂತೆ ಧಾರಣೆ ಏರಿತೆಂದು ಗಣಿಸಿದರೆ, ಹತ್ತು ವರ್ಷಗಳ ಮೇಲೆ ಆ ಸಾವಿರಕ್ಕೆ ದೊರೆಯುವದು ಮೊದಲು ರೂ. 614ಕ್ಕೆ ದೊರೆಯುತ್ತಿದ್ದಷ್ಟು ಸಾಮಾನು ಮಾತ್ರ. ಬಡತನದ ರೇಖೆಯ ಕೆಳಗಿರುವ ವೃದ್ಧರಿಗೆ ಕೇಂದ್ರದಿಂದ ಸಲ್ಲುವ ಪಾಲು 2007ರಲ್ಲಿ ತಿಂಗಳಿಗೆ ರೂ. 200 ಇತ್ತು, 2011ರಲ್ಲಿ ಎಂಬತ್ತು ದಾಟಿದವರಿಗೆ ಅದನ್ನು ರೂ. 500ಕ್ಕೆ ಏರಿಸಿದರೂ, ಅದಕ್ಕಿಂತ ಚಿಕ್ಕವರಿಗೆ ಮುಂದೆಯೂ ಬಹುಕಾಲ ಆ ರೂ. 200 ಹಾಗೆಯೇ ಉಳಿಯಿತು. ರಾಜ್ಯಗಳು ತಮ್ಮ ಪಾಲನ್ನು ಕೂಡಿಸಿದುದರಿಂದ ಅನೇಕರು ಬದುಕಿಕೊಂಡರು. ಸರಕಾರಿ ಸೇವೆಯಲ್ಲಿಯೂ 2004ರ ಜನವರಿಯಿಂದ ಕೇಂದ್ರಕ್ಕೆ, 2006ರ ಏಪ್ರಿಲಿನಿಂದ ನಮ್ಮ ರಾಜ್ಯಕ್ಕೆ ಸೇರಿದವರನ್ನು ಹೊಸ ಪದ್ಧತಿಗೆ ಒಳಪಡಿಸಿದರು. ಅದರಲ್ಲಿ ಕೂಡಿಟ್ಟ ಹಣದಿಂದ ವರ್ಷಾಶನವನ್ನು ಕೊಳ್ಳಬೇಕು. ಧಾರಣೆಗೆ ತಕ್ಕ ಪರಿಹಾರದ ಭರವಸೆಯಿಲ್ಲ. ಕೇಂದ್ರವು 2025ರ ಏಪ್ರಿಲ್ 1ರಿಂದ ತಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ ಆ ಪರಿಹಾರವನ್ನು ಮತ್ತೆ ಸೇರಿಸಿದ್ದು, ಅದರ ಅವಶ್ಯಕತೆಯನ್ನು ಒಪ್ಪಿಕೊಂಡಂತೆಯೇ ಆಯಿತು.

ಹಾಗಾದರೆ ಈ ಪೂರ್ವಪಕ್ಷಕ್ಕೆ ಉತ್ತರವೇನು? ಕೆಲವರ ಕೊಳಗ ಸರಿಯಿದೆ, ಹಲವರದು ಕಿರಿದಾಗಿದೆ ಎಂದರೆ, ಸರಿಯಿದ್ದ ಕೊಳಗವನ್ನು ಒಡೆಯುವದು ಪರಿಹಾರವಲ್ಲ. ಕಿರಿದಾದವನ್ನು ಸರಿಪಡಿಸುವದೇ ಪರಿಹಾರ. ಹೊಲದಲ್ಲಿ ಬಾಗಿ ಬೆನ್ನು ಮುರಿದ ಕೂಲಿಯ ಮುದುಕಿಯೂ, ಕಚೇರಿಯಲ್ಲಿ ಬರೆದು ಕಣ್ಣು ಕಳೆದುಕೊಂಡ ಕಾರಕೂನನೂ ಕಾಯಕವನ್ನೇ ಮಾಡಿದವರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಒಪ್ಪಿದ ಮೇಲೆ, ಕಾಯಕ ಮುಗಿಸಿದವರ ಅನ್ನದಲ್ಲಿ ಮೇಲುಕೀಳನ್ನು ಹೇಗೆ ಸಮರ್ಥಿಸುವದು?

ಇದರೊಡನೆ ಇನ್ನೆರಡು ಸೂಕ್ಷ್ಮಗಳನ್ನು ಹೇಳಬೇಕು. ಶೇಕಡಾ 3 ಏರಿತೆಂದರೆ ಹತ್ತು ಸಾವಿರದವನಿಗೆ ರೂ. 300, ಒಂದು ಲಕ್ಷದವನಿಗೆ ರೂ. 3000 ದೊರೆಯುತ್ತದೆ; ತೊಗರಿಬೇಳೆಯ ಧಾರಣೆ ಇಬ್ಬರಿಗೂ ಒಂದೇ. 1986ರ ನಾಲ್ಕನೆಯ ವೇತನ ಆಯೋಗದ ಪದ್ಧತಿಯಲ್ಲಿ ಕಡಮೆ ವೇತನದ ನೌಕರರಿಗೆ ಧಾರಣೆಯ ಪೂರ್ಣ ಪರಿಹಾರವೂ ಹೆಚ್ಚಿನವರಿಗೆ ಭಾಗಶಃ ಪರಿಹಾರವೂ ಇತ್ತು. 1996ರಿಂದ ಎಲ್ಲರಿಗೂ ಪೂರ್ಣವಾಯಿತು. ಕಾನೂನು ಹಾಗೆ ಕೊಟ್ಟರೂ ತನ್ನ ಅವಶ್ಯಕತೆಗೆ ಮೀರಿ ಬಂದುದನ್ನು ಏನು ಮಾಡಬೇಕೆಂಬುದನ್ನು ದಾಸೋಹತತ್ತ್ವವನ್ನರಿತವನಿಗೆ ಬೇರೆ ಹೇಳಬೇಕಾಗಿಲ್ಲ. ಇನ್ನೊಂದು: ಸೂಚ್ಯಂಕವು ದುಡಿಯುವ ಕಾರ್ಮಿಕನ ಸಂಸಾರದ ಖರ್ಚನ್ನು ಅಳೆಯುತ್ತದೆ. ಮುದುಕನ ಖರ್ಚಿನ ಬಗೆಯೇ ಬೇರೆ. ಅವನಿಗೆ ಅಕ್ಕಿ ಕಡಮೆ ಸಾಕು, ಔಷಧ ಹೆಚ್ಚು ಬೇಕು. ಕೇಂದ್ರದ ನಿಯಮದಲ್ಲಿ ಎಂಬತ್ತಕ್ಕೆ ಶೇಕಡಾ 20, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50, ನೂರು ತುಂಬಿದವರಿಗೆ ಶೇಕಡಾ 100ರಷ್ಟು ಹೆಚ್ಚುವರಿ ವೇತನವನ್ನು ಕೊಡುವದು ಈ ಸತ್ಯದ ಅರಿವಿನಿಂದಲೇ. ಅಳತೆಯು ಅಳೆಯಲ್ಪಡುವವನ ಬದುಕಿಗೆ ಹೊಂದಿರಬೇಕೆಂಬ ತತ್ತ್ವ ಇಲ್ಲಿದೆ.

ಇಷ್ಟು ಹೊತ್ತು ಸರಕಾರದ ಮಾತನ್ನಾಡಿದೆವು. ಸದ್ಭಕ್ತ ಗೃಹಸ್ಥರೇ, ಈಗ ನಮ್ಮ ಮನೆಯ ಕೊಳಗವನ್ನು ನೋಡಿಕೊಳ್ಳೋಣ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ನೌಕರಿಯಲ್ಲಿರುವ ಮಗನು ಹಳ್ಳಿಯ ತಾಯಿಗೆ ತಿಂಗಳಿಗೆ ಇಂತಿಷ್ಟೆಂದು ಕಳಿಸುತ್ತಾನೆ. ಕಳಿಸಲಾರಂಭಿಸಿ ಎಂಟು ವರ್ಷವಾಯಿತು. ಅವನ ಸಂಬಳ ವರ್ಷವರ್ಷಕ್ಕೆ ಏರಿದೆ. ತಾಯಿಗೆ ಕಳಿಸುವ ಮೊತ್ತ ಮಾತ್ರ ಮೊದಲ ತಿಂಗಳಿನದೇ. ಅವನು ಒಂದು ತಿಂಗಳೂ ತಪ್ಪಿಸಿಲ್ಲ. ತಾನು ಕರ್ತವ್ಯನಿಷ್ಠನೆಂದೇ ಅವನ ನಂಬಿಕೆ. ತಾಯಿಯೂ ಕೇಳುವದಿಲ್ಲ. ಸಕ್ಕರೆಯನ್ನು ಕಡಮೆ ಮಾಡುತ್ತಾಳೆ, ಗುಳಿಗೆಯನ್ನು ದಿನಕ್ಕೆ ಎರಡರ ಬದಲು ಒಂದು ತೆಗೆದುಕೊಳ್ಳುತ್ತಾಳೆ. ಸರಕಾರವು ಕಂತನ್ನು ತಡಮಾಡಿದಾಗ ಕಟುವಾಗಿ ಮಾತನಾಡುವ ನಾವು, ಅಡುಗೆಮನೆಯಲ್ಲಿ ಹತ್ತು ವರ್ಷ ಪಾತ್ರೆ ತೊಳೆದ ಹೆಂಗಸಿನ ಸಂಬಳವನ್ನು ಯಾವಾಗ ಏರಿಸಿದೆವೆಂದು ನೆನಪು ಮಾಡಿಕೊಳ್ಳುವದುಂಟೇ? ನಮ್ಮ ಸಂಘಸಂಸ್ಥೆಗಳಲ್ಲಿ ದುಡಿದು ಮುದಿಯಾದ ಅಡುಗೆಯವನಿಗೆ, ಜವಾನನಿಗೆ ಗೊತ್ತುಪಡಿಸಿದ ಮಾಸಾಶನವನ್ನು ಮತ್ತೆ ತೆರೆದು ನೋಡಿದವರು ಎಷ್ಟು ಮಂದಿ?

ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯು, ಮಕ್ಕಳಿಂದ ಕೊಡಿಸಬಹುದಾದ ಮಾಸಿಕ ಜೀವನಾಂಶವು ರೂ. 10,000ವನ್ನು ಮೀರಬಾರದೆಂದು ಮಿತಿ ಹಾಕಿತು. ಆ ಅಂಕೆಗೂ ಧಾರಣೆಯೊಡನೆ ಏರುವ ಕಟ್ಟಳೆಯನ್ನು ಆ ಕಾಯಿದೆಯಲ್ಲಿ ಹೇಳಲಿಲ್ಲ. ಕಾಯಿದೆಯ ಅಂಕೆ ನಿಂತಲ್ಲಿ ನಿಲ್ಲಬಹುದು. ಮಗನ ಮನಸ್ಸು ಅಲ್ಲಿ ನಿಲ್ಲಬೇಕಾಗಿಲ್ಲ. ಶಾಸನವು ಬಲಾತ್ಕಾರದಿಂದ ಕೊಡಿಸುವದಕ್ಕೆ ಎಲ್ಲೆಯುಂಟು. ಋಣವನ್ನರಿತವನು ಕೊಡುವದಕ್ಕೆ ಶಾಸನದ ಎಲ್ಲೆಯಿಲ್ಲ.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ: ವೃದ್ಧರಿಗೆ ಧಾರಣೆಗೆ ತಕ್ಕಂತೆ ಏರಿಸಿ ಕೊಡುವದು ದಾನವಲ್ಲ, ಅವರು ಕೊಟ್ಟು ಮುಗಿಸಿದ ದುಡಿಮೆಯ ಋಣ. ಅದನ್ನು ಪಡೆಯುವವನು ನಾಚಬೇಕಾಗಿಲ್ಲ, ಕೊಡುವವನು ಬೀಗಬೇಕಾಗಿಲ್ಲ. ದಾನವು ಪ್ರಾರಂಭವಾಗುವದು ಈ ಋಣ ತೀರಿದ ಮೇಲೆ. ತನಗೆ ಸಾಕಾದಷ್ಟು ಬಂದ ಮೇಲೆ ಮಿಕ್ಕುದನ್ನು ಪರಿಹಾರವೇ ಇಲ್ಲದ ಇನ್ನೊಬ್ಬ ವೃದ್ಧನ ಕಡೆಗೆ ತಿರುಗಿಸಿದಾಗ ಅದು ದಾಸೋಹವಾಗುತ್ತದೆ.

ಪ್ರತಿಯೊಬ್ಬ ಗೃಹಸ್ಥನೂ ವರ್ಷಕ್ಕೊಂದು ಸಲ, ಯುಗಾದಿಯಂದೋ ಬಸವಜಯಂತಿಯಂದೋ, ತಾನು ಯಾರಾರಿಗೆ ತಿಂಗಳ ಕೊಡುಗೆಯನ್ನು ಗೊತ್ತುಪಡಿಸಿದ್ದಾನೋ ಅವರ ಹೆಸರುಗಳನ್ನು ಬರೆದು, ಅದು ನಿಗದಿಯಾದ ವರ್ಷದ ಅಕ್ಕಿಯ ಧಾರಣೆಯನ್ನೂ ಇಂದಿನದನ್ನೂ ಅದರ ಎದುರಿಗೆ ಬರೆದು ನೋಡಲಿ. ವ್ಯತ್ಯಾಸವೆಷ್ಟೋ ಅಷ್ಟು ಅವನ ಬಾಕಿ. ಅದನ್ನು ಆ ತಿಂಗಳಿನಿಂದಲೇ, ಕೇಳಿಸಿಕೊಳ್ಳದೆ, ಹೇಳಿಕೊಳ್ಳದೆ ತೀರಿಸತೊಡಗಲಿ.